‘ದುಡ್ಡೆಲ್ಲ ನಿಮ್ಮ ಊಟಕ್ಕೇ ಹೋಗುತ್ತಂತಲ್ಲ ಸಾರ್?’

ಇಲ್ಲ, ಹೋಗಲ್ಲ.

ಉತ್ತರ ಇಷ್ಟೇ. ಮುಂದಿನದು ಇಷ್ಟಕ್ಕೆ ಸುಮ್ಮನಾಗದವರಿಗೆ. ಹಾಸನದಲ್ಲಿ ಅಂಗಿಗೆ ಸೇವಾ ಕ್ಲಬ್ಬಿನ ಗುರುತಾದ ರೋಟರಿ ಚಕ್ರವನ್ನೋ ಲಯನ್ಸ್ ಪಿನ್ನನ್ನೋ ಚುಚ್ಚಿಕೊಂಡು, ದೇಣಿಗೆಯ ರಸೀದಿ ಪುಸ್ತಕ ಹಿಡಿದು ಬಿ.ಎಂ. ರಸ್ತೆಯ ಅಂಗಡಿಗಳ ಮೆಟ್ಟಿಲು ಹತ್ತಿದವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ಕೇಳುವ ಧಾಟಿಯೂ ಒಂದೇ. ಮೊದಲು ಒಂದು ನಗು, ಆಮೇಲೆ ‘ತಪ್ಪು ತಿಳ್ಕೋಬೇಡಿ’, ಆಮೇಲೆ ಈ ಮಾತು, ಕೊನೆಗೆ ನೂರು ರೂಪಾಯಿ. ಕೆಲವರು ಆ ನೂರನ್ನೂ ಕೊಡದೆ ಪ್ರಶ್ನೆಯನ್ನಷ್ಟೇ ಕೊಟ್ಟು ಕಳಿಸುತ್ತಾರೆ. ಅವರಂತೂ ನಿಶ್ಚಿಂತೆಯಾಗಿರಬಹುದು, ಅವರ ದುಡ್ಡು ಯಾರ ಎಲೆಗೂ ಬೀಳುವುದಿಲ್ಲ.

ಲೆಕ್ಕ ಹೀಗಿದೆ. ಸರಿಯಾಗಿ ನಡೆಯುವ ಕ್ಲಬ್ಬಿಗೆ ಎರಡು ಬ್ಯಾಂಕ್ ಖಾತೆ ಇರುತ್ತವೆ, ಒಂದು ಆಡಳಿತದ್ದು, ಒಂದು ಸೇವೆಯದು. ಸದಸ್ಯರು ವರ್ಷಕ್ಕೆ ಕಟ್ಟುವ ಶುಲ್ಕ ಮೊದಲನೆಯದಕ್ಕೆ ಬೀಳುತ್ತದೆ. ಸಭಾಂಗಣದ ಬಾಡಿಗೆ, ಸಭೆಯ ಊಟ, ಕ್ಲಬ್ಬಿನ ಸುದ್ದಿಪತ್ರವಾದ ಬುಲೆಟಿನ್ನಿನ ಅಚ್ಚು, ಅಂತರರಾಷ್ಟ್ರೀಯ ಕಚೇರಿಗೂ ಕ್ಲಬ್ಬುಗಳ ಒಕ್ಕೂಟವಾದ ‘ಜಿಲ್ಲೆ’ಗೂ ತಲೆಗಿಷ್ಟು ಎಂದು ಕಟ್ಟುವ ಹಣ, ಅತಿಥಿಗೆ ಕೊಡುವ ನೆನಪಿನ ಕಾಣಿಕೆ ಎಲ್ಲವೂ ಅದರಿಂದಲೇ. ಊರವರಿಂದ ಎತ್ತಿದ್ದು ಎರಡನೆಯ ಖಾತೆಗೆ. ಅದರಿಂದ ಹೋಟೆಲಿಗೆ ಚೆಕ್ ಬರೆಯುವಂತಿಲ್ಲ. ಲಯನ್ಸ್‌ನಲ್ಲಿ ಇದು ಬರೆದಿಟ್ಟ ನಿಯಮ: ಸಾರ್ವಜನಿಕರಿಂದ ಬಂದದ್ದು ಸಾರ್ವಜನಿಕರಿಗೇ ಮರಳಬೇಕು, ಹಣ ಎತ್ತುವ ಕಾರ್ಯಕ್ರಮಕ್ಕೆ ನೇರವಾಗಿ ತಗುಲಿದ ಖರ್ಚನ್ನಷ್ಟೇ ಅದರಲ್ಲಿ ಕಳೆಯಬಹುದು. ರೋಟರಿಯಲ್ಲಿ ಅನೇಕ ಕ್ಲಬ್ಬುಗಳು ಬೇರೆಯದೇ ಒಂದು ಟ್ರಸ್ಟ್ ನೋಂದಾಯಿಸಿ ದೇಣಿಗೆಯನ್ನೆಲ್ಲ ಅದರ ಮೂಲಕ ನಡೆಸುತ್ತವೆ. ಊಟ ಸದಸ್ಯರ ಸ್ವಂತ ದುಡ್ಡಿನದು. ಅದನ್ನು ‘ಫೆಲೋಶಿಪ್’ ಎಂದು ಕರೆಯುವ ಅಭ್ಯಾಸ ಬಿಟ್ಟಿದ್ದರೆ ಅರ್ಧ ಗುಮಾನಿ ಆವತ್ತೇ ಹೋಗುತ್ತಿತ್ತು, ಅದು ಬೇರೆ ಮಾತು.

ಹಾಗಾದರೆ ಗುಮಾನಿ ಇರುವವರು ಎಲ್ಲಿ ನೋಡಬೇಕು? ರಸೀದಿಯಲ್ಲಿ. ಅದು ಯಾರ ಹೆಸರಿನಲ್ಲಿದೆ, ಕ್ಲಬ್ಬಿನದೋ ಟ್ರಸ್ಟಿನದೋ, ಪ್ಯಾನ್ ಸಂಖ್ಯೆ ಇದೆಯೋ, ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಸಂಖ್ಯೆ ಇದೆಯೋ ನೋಡಿ. 80ಜಿ ರಿಯಾಯಿತಿ ಬೇಕಾದವರು ರೂ. 2,000ಕ್ಕಿಂತ ಹೆಚ್ಚನ್ನು ನಗದಾಗಿ ಕೊಡಬೇಡಿ, ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೆ ಕೊಟ್ಟರೂ ಇಲ್ಲ, ಇದನ್ನು ಹೇಳಿದರೆ ಎಷ್ಟೋ ಜನ ಪರ್ಸು ಮುಚ್ಚಿಬಿಡುತ್ತಾರೆ. ಆರ್ಥಿಕ ವರ್ಷ ಮುಗಿದ ಮೇಲೆ ಟ್ರಸ್ಟ್‌ನವರು ದಾನಿಗಳ ಪಟ್ಟಿಯನ್ನು ಪ್ಯಾನ್ ಸಮೇತ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಆಮೇಲೆ ಬರುವ ಪ್ರಮಾಣಪತ್ರವೇ ನಿಮಗೆ ಬೇಕಾದ ಕಾಗದ, ರಸೀದಿಯೊಂದೇ ಸಾಲದು. ಪಟ್ಟಿಯಲ್ಲಿ ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ಜುಲೈನಲ್ಲಿ ನಿಮ್ಮ ಆಡಿಟರು ಖಜಾಂಚಿಗೆ ಫೋನ್ ಮಾಡುತ್ತಾರೆ.

ಇನ್ನೊಂದು ಗೊಂದಲಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ, ಕ್ಯಾಲೆಂಡರೇ ಕಾರಣ. ಕ್ಲಬ್ಬಿನ ವರ್ಷ ಜುಲೈ 1ರಿಂದ ಜೂನ್ 30. ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮೇ ತಿಂಗಳಲ್ಲಿ ನೀವು ಕೊಟ್ಟ ಹತ್ತು ಸಾವಿರ ಹಳೆಯ ಅಧ್ಯಕ್ಷರ ಸಾಧನೆಯಲ್ಲಿ ಸೇರುತ್ತದೆ, ತೆರಿಗೆ ಲೆಕ್ಕದಲ್ಲಿ ಹೊಸ ವರ್ಷಕ್ಕೆ ಹೋಗುತ್ತದೆ. ಖರ್ಚಾಗುವುದು ಆಗಸ್ಟಿನಲ್ಲಿ, ಹೊಸ ಅಧ್ಯಕ್ಷರ ಕೈಯಲ್ಲಿ. ಪದಗ್ರಹಣದ ಸಂಭ್ರಮದಲ್ಲಿ ಹಳೆಯ ಖಜಾಂಚಿ ಪುಸ್ತಕ ಹಸ್ತಾಂತರಿಸುವುದನ್ನು ಎರಡು ತಿಂಗಳು ಮುಂದೂಡಿದರೆ ಆ ಹತ್ತು ಸಾವಿರ ಎಲ್ಲಿದೆ ಎಂಬುದು ಯಾರಿಗೂ ತಟ್ಟನೆ ಹೇಳಲಾಗುವುದಿಲ್ಲ. ಹಣ ಬ್ಯಾಂಕಿನಲ್ಲೇ ಇರುತ್ತದೆ. ಊರಲ್ಲಿ ಮಾತ್ರ ‘ತಿಂದ್ಬಿಟ್ರು’.

‘ಅಮೆರಿಕದಿಂದ ಕೋಟಿಗಟ್ಟಲೆ ಬರುತ್ತಂತೆ’ ಎನ್ನುವವರಿಗೂ ಒಂದು ಮಾತು. ವಿದೇಶದ ದೇಣಿಗೆ ನೇರವಾಗಿ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಅದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದದ್ದರಲ್ಲಿ ಆಡಳಿತಕ್ಕೆ ಶೇ. 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ರೋಟರಿಯ ಅಂತರರಾಷ್ಟ್ರೀಯ ಅನುದಾನವಾದ ಗ್ಲೋಬಲ್ ಗ್ರಾಂಟ್ ಬೇಕೆಂದರೆ ಯೋಜನೆಯ ಒಟ್ಟು ಗಾತ್ರವೇ ಕನಿಷ್ಠ 30,000 ಡಾಲರ್ ಇರಬೇಕು, ಹೊರದೇಶದ ಒಂದು ಕ್ಲಬ್ಬು ಜೊತೆಗಾರನಾಗಬೇಕು. ಇಲ್ಲಿಂದ ಆ ಕಡೆಗೂ ಹಣ ಹರಿಯುತ್ತದೆ. ಅದೂ ವ್ಯರ್ಥವಾಗಲಿಲ್ಲ. ರೋಟರಿ 1985ರಲ್ಲಿ ಪೋಲಿಯೊ ಅಳಿಸುವ ‘ಪೋಲಿಯೊ ಪ್ಲಸ್’ ಅಭಿಯಾನ ಹಿಡಿದಾಗ ನಗುತ್ತಿದ್ದವರು ಬಹಳ. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಮಗು, 2011ರ ಜನವರಿ 13. ನಮ್ಮನ್ನೂ ಸೇರಿಸಿ ಆಗ್ನೇಯ ಏಷ್ಯಾ ವಲಯವನ್ನು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊಮುಕ್ತ ಎಂದದ್ದು 2014ರ ಮಾರ್ಚ್ 27ರಂದು.

ಈಗ ಚಾರಿಟಿ ಶೋ. ‘ಹೌಸ್‌ಫುಲ್ ಆಗಿತ್ತು, ಎಷ್ಟು ಉಳೀತು ಹೇಳಿ ನೋಡೋಣ’ ಎಂದು ಕಣ್ಣು ಮಿಟುಕಿಸುವವರಿಗಾಗಿ ಒಂದು ಮಾದರಿ ಲೆಕ್ಕ. ಅಂಕಿಗಳು ವಿವರಿಸಲು ಇಟ್ಟುಕೊಂಡವು, ಪ್ರಮಾಣ ಮಾತ್ರ ನಿಜಕ್ಕೆ ಹತ್ತಿರ. ಏಳುನೂರು ಆಸನದ ಸಭಾಂಗಣದಲ್ಲಿ ಯಕ್ಷಗಾನ. ತಂಡದ ಸಂಭಾವನೆ 90,000, ಸಭಾಂಗಣ 25,000, ಧ್ವನಿ ಬೆಳಕು 20,000, ಕಲಾವಿದರ ಊಟ ವಸತಿ ವಾಹನ 17,000, ಟಿಕೆಟ್ ಮತ್ತು ಕರಪತ್ರ 8,000. ಒಟ್ಟು 1,60,000. ಟಿಕೆಟ್ ಮುನ್ನೂರರದು. ಸಭಾಂಗಣ ತುಂಬುತ್ತದೆ, ಆದರೆ ಅದರಲ್ಲಿ ನೂರು ಜನ ಆಹ್ವಾನಿತರು, ಇನ್ನಷ್ಟು ಜನ ‘ನಾಳೆ ಕೊಡ್ತೀನಿ’ಗಳು. ಕೈಗೆ ಬರುವುದು ನಾನೂರು ಟಿಕೆಟಿನ ಹಣ, 1,20,000. ಅಲ್ಲಿಗೆ 40,000 ನಷ್ಟ. ಇದನ್ನು ಎತ್ತಿ ಹಿಡಿಯುವುದು ಸ್ಮರಣ ಸಂಚಿಕೆ. ಜಾಹೀರಾತಿನಿಂದ 2,40,000 ಬಂದು ಅಚ್ಚಿಗೆ 60,000 ಹೋದರೆ 1,80,000. ನಷ್ಟ ಕಳೆದು ಉಳಿದದ್ದು 1,40,000. ಅಂದರೆ ಆಟ ದುಡಿಯುವುದಿಲ್ಲ. ಆಟದ ಹೆಸರಿನಲ್ಲಿ ಪುಸ್ತಕ ದುಡಿಯುತ್ತದೆ.

ಆ ಪುಸ್ತಕದಲ್ಲೂ ಮುಗ್ಗರಿಸುವ ಜಾಗಗಳಿವೆ. ಜಾಹೀರಾತುದಾರರು ಪುಸ್ತಕ ನೋಡಿದ ಮೇಲೆ ಕೊಡುತ್ತೇನೆ ಎನ್ನುತ್ತಾರೆ. ನೋಡಿದ ಮೇಲೆ ಅಂಗಡಿಯ ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದು ಕಂಡರೆ ಕೊಡುವುದಿಲ್ಲ. ಆದ್ದರಿಂದ ಆರ್ಡರ್ ಫಾರಂ ಜೊತೆಗೇ ಚೆಕ್, ಅಚ್ಚಿಗೆ ಹೋಗುವ ಮುನ್ನ ಪ್ರೂಫ್ ಮೇಲೆ ಅವರದೇ ಸಹಿ. ಪುಟಗಳು ಎಂಟರ ಲೆಕ್ಕದಲ್ಲಿ ಕೂರಬೇಕು. 66 ಪುಟದ ವಿಷಯ ಇದ್ದರೆ ಎರಡು ಪುಟ ಕಿತ್ತು 64ಕ್ಕೆ ಇಳಿಸಿ, ಇಲ್ಲದಿದ್ದರೆ 72ರ ಬಿಲ್ಲು ಬರುತ್ತದೆ, ಖಾಲಿ ಪುಟಕ್ಕೆ ಪದಾಧಿಕಾರಿಗಳ ಫೋಟೋ ತುಂಬಬೇಕಾಗುತ್ತದೆ. ಜಾಹೀರಾತು ಕೊಟ್ಟವರು 80ಜಿ ರಸೀದಿಯನ್ನೂ ಕೇಳುತ್ತಾರೆ, ಕೊಡಬಾರದು. ಅವರು ಪುಟ ಕೊಂಡಿದ್ದಾರೆ, ದಾನ ಕೊಟ್ಟಿಲ್ಲ. ಅದು ಅವರ ವ್ಯಾಪಾರದ ಪ್ರಚಾರ ಖರ್ಚು.

ಟಿಕೆಟ್ಟಿಗೆ ಕ್ರಮಸಂಖ್ಯೆ, ಕೌಂಟರ್‌ಫಾಯಿಲ್, ಯಾರಿಗೆ ಎಷ್ಟರಿಂದ ಎಷ್ಟರವರೆಗೆ ಕೊಟ್ಟೆವು ಎಂಬ ರಿಜಿಸ್ಟರ್ ಇಲ್ಲದೆ ಶೋ ಮಾಡಲೇಬೇಡಿ. ಪ್ರದರ್ಶನಕ್ಕೆ ವಾರ ಇರುವಾಗ ಮಾರಾಟವಾಗದ ಹಾಳೆ ವಾಪಸ್ಸು ಬರಬೇಕು ಅಥವಾ ಅದರ ಹಣ ಬರಬೇಕು. ಬಯಲಿನಲ್ಲಿ ಮಾಡುವುದಾದರೆ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಇಲ್ಲ, ಕಾಲಮಿತಿ ಪ್ರಯೋಗವನ್ನೇ ಕೇಳಿ. ಕೊನೆಗೆ ಲಕ್ಕಿ ಡಿಪ್. ಎಲ್ಲ ಕ್ಲಬ್ಬಿನಲ್ಲೂ ಒಬ್ಬರಾದರೂ ಎದ್ದು ‘ಕೂಪನ್ ಮಾರೋಣ, ಸ್ಕೂಟರ್ ಇಡೋಣ’ ಎನ್ನುತ್ತಾರೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಅನುಮತಿಯಿಲ್ಲದೆ ದುಡ್ಡು ತಗೊಂಡು ಅದೃಷ್ಟ ಎತ್ತುವುದು ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಉದ್ದೇಶ ಒಳ್ಳೆಯದು ಎನ್ನುವುದು ಅಲ್ಲಿ ರಕ್ಷಣೆಯಲ್ಲ.

ದಿನಾಂಕ ಆರಿಸುವುದೂ ಒಂದು ವಿದ್ಯೆ. ಜೂನ್‌ನಿಂದ ಮಳೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರಿನ ಲಾಡ್ಜುಗಳಲ್ಲಿ ಒಂದು ಕೋಣೆ ಸಿಗುವುದಿಲ್ಲ, ಕಲಾವಿದರನ್ನು ಎಲ್ಲಿ ಮಲಗಿಸುತ್ತೀರಿ? ಡಿಸೆಂಬರ್ ಜನವರಿಯಲ್ಲಿ ಸಕಲೇಶಪುರ, ಆಲೂರಿನ ಕಡೆಯ ಬೆಳೆಗಾರರು ಕಾಫಿ ಕೊಯ್ಲು ಬಿಟ್ಟು ಬರುವುದಿಲ್ಲ. ಮಾರ್ಚಿನಲ್ಲಿ ಎಲ್ಲರ ಮನೆಯಲ್ಲೂ ಪರೀಕ್ಷೆ. ಉಳಿಯುವುದು ಫೆಬ್ರವರಿ ಮತ್ತು ಏಪ್ರಿಲ್. ಕಾಫಿ ಮಾರಿದ ಹಣ ಕೈಗೆ ಬರುವುದೂ ಸುಮಾರಾಗಿ ಆಗಲೇ.

ಇಷ್ಟೆಲ್ಲ ಹೇಳಿದ ಮೇಲೆ ಸೋರುವುದೇ ಇಲ್ಲವಾ ಎಂದರೆ, ಸೋರುತ್ತದೆ. ಎಲ್ಲರೂ ಬೆರಳು ತೋರಿಸುವ ಜಾಗದಲ್ಲಿ ಅಲ್ಲ. ಸರ್ಕಾರಿ ಶಾಲೆಗೆ ಇಪ್ಪತ್ತು ಸಾವಿರದ ನೋಟ್ ಪುಸ್ತಕ ಕೊಡುವ ಕಾರ್ಯಕ್ರಮದ ಬಿಲ್ಲು ತೆಗೆದು ನೋಡಿ. ಶಾಮಿಯಾನ, ಮೈಕು, ಬ್ಯಾನರ್, ವೇದಿಕೆಯ ಮೇಲಿನ ಹದಿನಾಲ್ಕು ಜನಕ್ಕೆ ಹಾರ ಶಾಲು, ಮುಖ್ಯ ಅತಿಥಿಗೆ ಮೈಸೂರು ಪೇಟ, ಫಲಕ, ಫೋಟೋಗ್ರಾಫರ್. ಎಂಟೊಂಬತ್ತು ಸಾವಿರ ಅಲ್ಲೇ ಕರಗಿರುತ್ತದೆ, ‘ಯೋಜನಾ ವೆಚ್ಚ’ ಎಂಬ ತಲೆಬರಹದ ಕೆಳಗೆ, ಸೇವೆಯ ಖಾತೆಯಿಂದ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ, ಆದರೂ ಪರಿಸರ ದಿನಾಚರಣೆಗೇ ಅದನ್ನು ಕಟ್ಟುವವರಿದ್ದಾರೆ. ಹಾರಕ್ಕೆ ಹೋದದ್ದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಬೇಕಾದವರ ಕೊರಳಲ್ಲೂ ಒಂದು ಬಿದ್ದಿರುತ್ತದೆ. ಈ ಖರ್ಚು ಆಡಳಿತದ ಖಾತೆಗೆ ಬೀಳಬೇಕು. ಸದಸ್ಯರದೇ ದುಡ್ಡು ಎಂದ ತಕ್ಷಣ ಹದಿನಾಲ್ಕು ಹಾರ ನಾಲ್ಕಕ್ಕೆ ಇಳಿಯುತ್ತದೆ.

ಅತಿಥಿ ಭಾಷಣಕಾರರ ಬಗ್ಗೆ ಕೇಳುವವರು ಕಡಿಮೆ, ಕೇಳಿದರೂ ‘ಅವರಿಗೆ ಎಷ್ಟು ಕೊಡ್ತೀರಿ?’ ಎಂದೇ. ಏನೂ ಕೊಡುವುದಿಲ್ಲ. ಊಟ, ಒಂದು ಪುಸ್ತಕವೋ ಗಿಡವೋ, ದೂರದವರಾದರೆ ಪೆಟ್ರೋಲು. ಅವರಿಗೆ ನಾವು ಮಾಡುವ ಅನ್ಯಾಯ ಬೇರೆಯದು. ಏಳೂವರೆಗೆ ಕರೆಸಿ, ಪ್ರಾರ್ಥನೆ, ಕಾರ್ಯದರ್ಶಿಯ ಪ್ರಕಟಣೆ, ಹುಟ್ಟುಹಬ್ಬದ ಕೇಕು, ಮದುವೆ ವಾರ್ಷಿಕೋತ್ಸವದವರ ಜೋಡಿ ಫೋಟೋ, ಹೊಸ ಕಾರು ಕೊಂಡವರ ಸಂತೋಷದ ಕಾಣಿಕೆ ಎಲ್ಲ ಮುಗಿಸಿ, ಎರಡು ಪುಟದ ಪರಿಚಯ ಓದಿ, ಎಂಟೂಮುಕ್ಕಾಲಿಗೆ ಮೈಕ್ ಕೊಟ್ಟು ‘ಸಂಕ್ಷಿಪ್ತವಾಗಿ’ ಎನ್ನುವುದು. ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ತಟ್ಟೆ ಸದ್ದು ಶುರುವಾಗಿರುತ್ತದೆ. ಪರಿಚಯ ಐದು ಸಾಲು, ಭಾಷಣ ಇಪ್ಪತ್ತು ನಿಮಿಷ, ಪ್ರಶ್ನೆ ಹತ್ತು ನಿಮಿಷ, ಕೇಕು ಆಮೇಲೆ. ಇಷ್ಟು ಮಾಡಿದರೆ ಸಾಕು.

ಯಾರನ್ನು ಕರೆಯಬೇಕು ಎಂಬುದಕ್ಕೂ ಬೆಂಗಳೂರಿನ ಕಡೆ ನೋಡಬೇಕಿಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮೂರಲ್ಲೇ ಇದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಜಾಗ ಬಿಟ್ಟು ಜರುಗದಂತೆ ಕಾಯುವವರು ಇದೇ ತರಕಾರಿ ಮಾರ್ಕೆಟ್ಟಿಗೆ ಬರುತ್ತಾರೆ. ಕಚೇರಿಯ ಅನುಮತಿಗೆ ಪತ್ರ ಮೊದಲೇ ಹೋಗಬೇಕು ಅಷ್ಟೇ. ಕಾರೇಕೆರೆಯ ಕೃಷಿ ಕಾಲೇಜಿನವರು ಆಲೂಗಡ್ಡೆ ಅಂಗಮಾರಿಯ ಬಗ್ಗೆ ಮಾತಾಡಬೇಕಾದ್ದು ಏಪ್ರಿಲ್ ಕೊನೆಗೆ, ಬಿತ್ತನೆಗೆ ಮುಂಚೆ. ಗಿಡ ಕಪ್ಪಾದ ಮೇಲೆ ಕರೆಸಿದರೆ ಸಂತಾಪ ಸಭೆಯಾಗುತ್ತದೆ. ಬೇಲೂರು, ಆಲೂರು, ಸಕಲೇಶಪುರದ ಆನೆ ಹಾವಳಿಯ ಬಗ್ಗೆ ಅರಣ್ಯ ಇಲಾಖೆಯವರನ್ನು ಕರೆದರೆ ಪ್ರಶ್ನೆ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ, ಊಟ ತಣ್ಣಗಾಗುತ್ತದೆ, ಆಗಲಿ. ಯಶಸ್ಸಿನ ಏಳು ಮೆಟ್ಟಿಲು ಹೇಳುವವರನ್ನು ದಯವಿಟ್ಟು ಬಿಡಿ.

ಬುಲೆಟಿನ್ನಿನ ಸದಸ್ಯರ ಸುದ್ದಿಯನ್ನು ‘ಬರ್ತ್‌ಡೇ ಪಟ್ಟಿ’ ಎಂದು ಹಂಗಿಸುವವರಿಗೆ ಅದರಲ್ಲಿ ದುಡ್ಡಿರುವುದು ಗೊತ್ತಿಲ್ಲ. ಮಗಳ ಮದುವೆ, ಮೊಮ್ಮಗನ ನಾಮಕರಣ, ತಾಯಿಯ ತಿಥಿಯ ನೆನಪಿಗೆ ಸದಸ್ಯರು ಕೊಡುವ ಸಣ್ಣ ಮೊತ್ತಗಳು ವರ್ಷದ ಕೊನೆಗೆ ಒಂದು ಶೋನಷ್ಟೇ ಆಗುತ್ತವೆ, ಖರ್ಚಿಲ್ಲದೆ. ಸಾವಿನ ಸುದ್ದಿಯ ವಿಷಯದಲ್ಲಿ ಮಾತ್ರ ಬುಲೆಟಿನ್ ಕಾಯಬಾರದು. ನೇತ್ರದಾನಕ್ಕೆ ಇರುವುದು ಸುಮಾರು ಆರು ಗಂಟೆ. ಫೋನ್ ಬಂದ ತಕ್ಷಣ ಮನೆಯವರಿಗೆ ಹೇಳಬೇಕಾದ್ದು: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ. ತಂಡ ಬಂದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರವಾಗುವುದಿಲ್ಲ. ಬದುಕಿರುವಾಗ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಮನೆಯವರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ಶಿಬಿರದಲ್ಲಿ ನೂರು ಸಹಿ ಮಾಡಿಸಿದ್ದಕ್ಕಿಂತ ಆ ಹೊತ್ತಿಗೆ ಸರಿಯಾದ ಸಂಖ್ಯೆಗೆ ಫೋನ್ ಮಾಡುವ ಒಬ್ಬ ಸದಸ್ಯ ಹೆಚ್ಚು.

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ. ‘ಹೋದ ವರ್ಷ ಕೊಟ್ರಲ್ಲ, ಅದು ಈಗ ನಡೀತಿದೆಯಾ?’ ಇದನ್ನು ಯಾರೂ ಕೇಳುವುದಿಲ್ಲ. ದುಡ್ಡು ಎಲ್ಲಿ ಹೋಯಿತು ಎನ್ನುವುದಕ್ಕೆ ಪಾಸ್‌ಬುಕ್ ಇದೆ. ವಸ್ತು ಎಲ್ಲಿ ಹೋಯಿತು ಎನ್ನುವುದಕ್ಕೆ ಏನೂ ಇಲ್ಲ.

ಶಾಲೆಗೆ ಕೊಡುವ ಕುಡಿಯುವ ನೀರಿನ ಘಟಕವನ್ನೇ ನೋಡಿ. ಅರಸೀಕೆರೆ ಕಡೆ ಆಳದ ಬೋರ್‌ವೆಲ್ ನೀರು, ಲವಣ ಜಾಸ್ತಿ, ಅದನ್ನು ಸೋಸುವ ಆರ್‌ಓ ಯಂತ್ರ ಬೇಕಾಗಬಹುದು. ಸಕಲೇಶಪುರದ ಕಡೆ ಬಾವಿ, ತೊರೆಯ ನೀರು, ಲವಣ ಬಹಳ ಕಡಿಮೆ. ಅಲ್ಲಿ ಇರುವುದು ರೋಗಾಣು ಮತ್ತು ಮಳೆಗಾಲದ ಕೆಸರು. ಮರಳಿನ ಫಿಲ್ಟರ್, ಅದರ ನಂತರ ರೋಗಾಣು ಕೊಲ್ಲುವ ಯುವಿ ದೀಪ ಸಾಕು. ಆದರೆ ಪ್ರಾಯೋಜಕರಿಗೆ ಆರ್‌ಓ ಎಂದರೇನೇ ದೊಡ್ಡದಾಗಿ ಕಾಣುತ್ತದೆ, ಎರಡೂ ಕಡೆ ಅದನ್ನೇ ಇಡುತ್ತಾರೆ. ಕೊಳ್ಳುವ ಮುಂಚೆ ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಫ್ಲೋರೈಡ್ 1 ಮಿಲಿಗ್ರಾಂ. ಅದರೊಳಗಿದ್ದರೆ ಆರ್‌ಓ ದುಂದು, ಏಕೆಂದರೆ ಒಳಗೆ ಹೋದ ನೀರಿನಲ್ಲಿ ಅರ್ಧದಷ್ಟೋ ಹೆಚ್ಚೋ ಅದು ಹೊರಗೆ ಚೆಲ್ಲುತ್ತದೆ. ಆ ನೀರಿನ ಪೈಪನ್ನು ಶೌಚಾಲಯದ ತೊಟ್ಟಿಗೆ ಎಳೆಯುವ ಐನೂರು ರೂಪಾಯಿಯ ಕೆಲಸವನ್ನು ಯಾರೂ ಅಂದಾಜಿನಲ್ಲಿ ಬರೆಯುವುದಿಲ್ಲ.

ಇಟ್ಟ ಮೇಲೆ ಕೆಡುವುದೂ ಒಂದು ಕ್ರಮದಲ್ಲೇ. ಮೊದಲು ಕೆಸರಿನ ಕಾರ್ಟ್ರಿಡ್ಜ್ ಕಟ್ಟಿಕೊಳ್ಳುತ್ತದೆ, ಮೂರು ಆರು ತಿಂಗಳಲ್ಲಿ. ನೀರು ಸಣ್ಣಗೆ ಬರುತ್ತದೆ, ಯಾರೋ ಅದನ್ನು ಕಿತ್ತು ಪಕ್ಕಕ್ಕಿಟ್ಟು ಮೆಷಿನ್ ಓಡಿಸುತ್ತಾರೆ. ಆಮೇಲೆ ಕೆಸರು ನೇರ ಲವಣ ಸೋಸುವ ಪೊರೆಗೆ, ಅಂದರೆ ಮೆಂಬ್ರೇನಿಗೆ, ಎರಡು ಮೂರು ವರ್ಷ ಬರಬೇಕಾದದ್ದು ಬೇಗ ಹೋಗುತ್ತದೆ. ವೋಲ್ಟೇಜ್ ಏರುಪೇರಾಗಿ ಪಂಪು ಸುಡುತ್ತದೆ, ಸ್ಟೆಬಿಲೈಸರ್ ಇಟ್ಟಿರುವುದಿಲ್ಲ. ಬೇಸಿಗೆ ರಜೆಯಲ್ಲಿ ನಿಂತ ನೀರಿನಲ್ಲಿ ಲೋಳೆ ಕಟ್ಟುತ್ತದೆ. ವಾರಂಟಿ ಕಾರ್ಡು ಆಗಿನ ಅಧ್ಯಕ್ಷರ ಮನೆಯಲ್ಲಿರುತ್ತದೆ. ಮುಖ್ಯ ಶಿಕ್ಷಕರಿಗೆ ವರ್ಗವಾಗಿರುತ್ತದೆ. ಮೇಲಿನ ಕಲ್ಲಿನಲ್ಲಿ ದಾನಿಗಳ ಹೆಸರು ಮಾತ್ರ ಸ್ಪಷ್ಟವಾಗಿ ಓದಲಿಕ್ಕೆ ಬರುತ್ತದೆ.

ಇದಕ್ಕೆ ಔಷಧ ಎತ್ತಿದ ನೂರರಲ್ಲಿ ಇಪ್ಪತ್ತೈದನ್ನು ಮೊದಲೇ ಠೇವಣಿ ಇಡುವುದು. ಆ ಬಡ್ಡಿ, ಅಸಲಿನಲ್ಲಿ ವಾರ್ಷಿಕ ನಿರ್ವಹಣೆ ಒಪ್ಪಂದ ನಡೆಯಬೇಕು. ಕೀಲಿ, ಸರ್ವಿಸ್ ಪುಸ್ತಕ ಶಾಲೆಯ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಒಬ್ಬ ಪೋಷಕರ ಬಳಿ ಇರಲಿ, ಅವರಿಗೆ ವರ್ಗವಾಗುವುದಿಲ್ಲ. ನಾಲ್ಕು ಶಾಲೆಗೆ ಕೊಡುವ ಬದಲು ಮೂರಕ್ಕೆ ಕೊಡಿ. ಈ ಮಾತು ಸಭೆಯಲ್ಲಿ ಎತ್ತಿದರೆ ವರ್ಷದ ವರದಿಯಲ್ಲಿ ಸಂಖ್ಯೆ ಕಡಿಮೆಯಾಗುತ್ತದೆ ಎಂಬ ಉತ್ತರ ಬರುತ್ತದೆ. ಪ್ರಶಸ್ತಿ ಸಿಗುವುದು ಸಂಖ್ಯೆಗೆ, ನಡೆಯುತ್ತಿರುವುದಕ್ಕಲ್ಲ.

ರಕ್ತದಾನ ಶಿಬಿರದಲ್ಲೂ ಅದೇ ಕಾಯಿಲೆ. ಕ್ಲಬ್ಬುಗಳ ಜಿಲ್ಲಾ ಗವರ್ನರ್ ಭೇಟಿಯ ದಿನ ಮುನ್ನೂರು ಯೂನಿಟ್ ಎಂಬ ಹಠ. ಸಾಮಾನ್ಯ ಚೀಲದಲ್ಲಿ ಇಡೀ ರಕ್ತ ಉಳಿಯುವುದು 35 ದಿನ, ಪ್ಲೇಟ್‌ಲೆಟ್ ಐದು ದಿನ. ಕೊಟ್ಟ ಗಂಡಸರು ಮತ್ತೆ ಕೊಡಲು 90 ದಿನ, ಹೆಂಗಸರು 120 ದಿನ ಕಾಯಬೇಕು. ಒಂದೇ ದಿನ ಊರಿನ ದಾನಿಗಳನ್ನೆಲ್ಲ ಖಾಲಿ ಮಾಡಿದರೆ ಎರಡು ತಿಂಗಳ ನಂತರ ಡೆಂಗಿ ಬಂದಾಗ ವಾಟ್ಸಾಪಿನಲ್ಲಿ ‘ಅರ್ಜೆಂಟ್ ಬಿ ನೆಗೆಟಿವ್’ ಎಂದು ಅದೇ ಕ್ಲಬ್ಬಿನವರು ಕಳಿಸುತ್ತಿರುತ್ತಾರೆ. ತಿಂಗಳಿಗೆ ನಲವತ್ತರಂತೆ, ಕಾಲೇಜು ಮುಚ್ಚಿ ದಾನಿಗಳು ಸಿಗದ ಮೇ ತಿಂಗಳನ್ನು ಬಿಡದೆ, ರಕ್ತನಿಧಿಯವರನ್ನು ಕೇಳಿ ದಿನ ಗೊತ್ತುಮಾಡಿದರೆ ಫೋಟೋ ಚಿಕ್ಕದಾಗುತ್ತದೆ, ಚೀಲ ಹಾಳಾಗುವುದಿಲ್ಲ.

ನೀವೇ ಹೋಗಿ ನೋಡುವ ಮನಸ್ಸಿದ್ದರೆ ಜೂನ್ ಮೊದಲ ವಾರ ಒಳ್ಳೆಯದು, ಶಾಲೆ ಶುರುವಾಗಿರುತ್ತದೆ, ಮೆಷಿನ್ ಬೇಸಿಗೆ ರಜೆಯುದ್ದಕ್ಕೂ ಸುಮ್ಮನಿದ್ದಿರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೋರ್‌ವೆಲ್ ನಲ್ಲಿಯ ನೀರಿಗೆ ಒಮ್ಮೆ ಅದ್ದಿ, ಘಟಕದ ನಲ್ಲಿಯ ನೀರಿಗೆ ಒಮ್ಮೆ ಅದ್ದಿ. ಎರಡೂ ಅಂಕಿ ಹತ್ತಿರ ಹತ್ತಿರ ಬಂದರೆ ಮೆಂಬ್ರೇನ್ ಹೋಗಿದೆ. ಆ ಎರಡು ಅಂಕಿಯನ್ನು ಶಾಲೆಯ ಹೆಸರಿನ ಜೊತೆ ಬರೆದು ಕ್ಲಬ್ಬಿನ ಕಾರ್ಯದರ್ಶಿಗೆ ಕಳಿಸಿ. ಜೂನ್ 30ರೊಳಗೆ ಕಳಿಸಿ, ಆಮೇಲೆ ಕಾರ್ಯದರ್ಶಿ ಬದಲಾಗುತ್ತಾರೆ.